ಕೀ ಆಫ್ ಮಾಡಿದರೆ ಎಂಜಿನ್ ನಿಲ್ಲಬೇಕು

ಕೆಲವು ಹಳೇ ಡೀಸೆಲ್ ಗೂಡ್ಸ್ ಗಾಡಿಗಳಲ್ಲಿ ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲುವುದಿಲ್ಲ. ಡ್ರೈವರ್ ಗೇರಿಗೆ ಹಾಕಿ, ಬ್ರೇಕ್ ಒತ್ತಿ, ಕ್ಲಚ್ ಬಿಟ್ಟು ನಿಲ್ಲಿಸುತ್ತಾರೆ. ಇದನ್ನು ಜಾಣತನ ಅಂತ ನಾವು ಒಪ್ಪುವುದಿಲ್ಲ.

ಡೀಸೆಲ್ ಎಂಜಿನ್‌ಗೆ ಪ್ಲಗ್ಗಿನ ಕಿಡಿ ಬೇಕಿಲ್ಲ, ಡೀಸೆಲ್ ತಡೆದರೇನೇ ನಿಲ್ಲುವುದು. ಅದಕ್ಕೇ ರೋಟರಿ ಪಂಪಿನ ಮೇಲೆ ಪುಟ್ಟ ಸೊಲೆನಾಯ್ಡ್ ಇರುತ್ತದೆ. ಕೀ ಆನ್ ಆದರೆ ಕರೆಂಟಿಗೆ ಒಳಗಿನ ಪಿನ್ ಸರಿದು ಡೀಸೆಲ್‌ಗೆ ದಾರಿ ಬಿಡುತ್ತದೆ. ಕರೆಂಟ್ ಹೋದರೆ ಸ್ಪ್ರಿಂಗ್ ಪಿನ್ನನ್ನು ತಳ್ಳಿ ದಾರಿ ಮುಚ್ಚುತ್ತದೆ. ವೈರ್ ತುಂಡಾದರೂ ಎಂಜಿನ್ ನಿಲ್ಲಲಿ ಅಂತಲೇ ಹೀಗೆ ಮಾಡಿರುವುದು. (ಎಳೆಯುವ ಸ್ಟಾಪ್ ಕೇಬಲ್ ಇರುವ ಲಾರಿಗಳ ಮಾತು ಬೇರೆ.)

ಸೊಲೆನಾಯ್ಡ್ ಕೆಟ್ಟಾಗ ಆ ಪಿನ್ನನ್ನೇ ಕಿತ್ತು ಬಿಸಾಡುವವರಿದ್ದಾರೆ. ಗಾಡಿಯೇನೋ ಓಡುತ್ತದೆ. ಪಲ್ಟಿಯಾಗಿ ಪೈಪ್ ಒಡೆದರೆ? ಕೀ ಕಿತ್ತರೂ, ಎಂಜಿನ್ ತಿರುಗುವಷ್ಟು ಹೊತ್ತು ಪಂಪ್ ಡೀಸೆಲ್ ತಳ್ಳುತ್ತಲೇ ಇರುತ್ತದೆ, ಪಕ್ಕದಲ್ಲೇ ಕಾದ ಸೈಲೆನ್ಸರ್.

ಮೆಕ್ಯಾನಿಕ್‌ನನ್ನು ಬೈಯುವುದು ಸುಲಭ. ಆದರೆ ಇವತ್ತೇ ಲೋಡ್ ಹೋಗಬೇಕು ಅಂತ ತಲೆ ಮೇಲೆ ಕೂರುವವರು ಮಾಲೀಕರು. ಪಿನ್ ಕೀಳಿಸುವ ಮೊದಲು ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಸೊಲೆನಾಯ್ಡ್ ವೈರ್ ತೆಗೆದು ಮುಟ್ಟಿಸಿ. ಟಕ್ ಅನ್ನದಿದ್ದರೆ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಲ್ಯಾಂಪೂ ಉರಿಯದಿದ್ದರೆ ಹೋಗಿರುವುದು ಬರೀ ಫ್ಯೂಸ್ ಇರಬಹುದು.