ಗೃಹವಿಚಾರ: ಎರಡು ದಿನಗಳ ನಗರದರ್ಶನ

ದೇಶಾಟನದಿಂದ ಬುದ್ಧಿ ಬೆಳೆಯುವುದೆಂದು ಹಿರಿಯರು ಹೇಳಿರುವುದನ್ನು ವಾಚಕರೆಲ್ಲರೂ ಬಲ್ಲರು. ಆದರೆ ಈಗಿನ ದೇಶಾಟನವು ಹಿಂದಿನಂತಲ್ಲ. ಕಾಶಿಗೆ ಹೊರಟವನು ಮನೆಯವರನ್ನು ಬೀಳ್ಕೊಂಡು ತಿಂಗಳುಗಟ್ಟಲೆ ನಡೆಯುತ್ತಿದ್ದ ಕಾಲವು ಹೋಗಿ, ಶನಿವಾರ ಹೊರಟು ಸೋಮವಾರ ಮರಳುವ ಕಾಲವು ಬಂದಿದೆ. ಮಕ್ಕಳು ಗಲ್ಫ್ ದೇಶಗಳಲ್ಲಿ ಉದ್ಯೋಗದಲ್ಲಿರುವ ಮನೆಗಳ ಹಿರಿಯರು ವಿಮಾನವೇರಿ, ಮೂರು ದಿನಗಳೊಳಗೆ ಈಜಿಪ್ತಿನ ಕೈರೋ ಪಟ್ಟಣವನ್ನೂ ಪಿರಮಿಡ್ಡುಗಳನ್ನೂ ನೋಡಿ ಬರುವುದುಂಟು. ಇದು ಸಂತೋಷದ ವಿಷಯವೇ. ಆದರೆ ಮರಳಿದವರನ್ನು ‘ಏನು ನೋಡಿದಿರಿ?’ ಎಂದು ಕೇಳಿದರೆ, ಕೈಯ ಫೋನಿನೊಳಗಿನ ನೂರಾರು ಚಿತ್ರಗಳು ಉತ್ತರವಾಗಿ ಬರುತ್ತವೆಯೇ ಹೊರತು ನಾಲ್ಕು ಮಾತುಗಳು ಬರುವುದು ಅಪೂರ್ವ.

‘ಪ್ರೇಕ್ಷಣೀಯ’ ಎಂಬ ಶಬ್ದದಲ್ಲಿ ‘ಈಕ್ಷ್’ ಎಂಬ ಧಾತುವಿಗೆ ‘ಪ್ರ’ ಎಂಬ ಉಪಸರ್ಗವು ಸೇರಿದೆ. ಬರಿಯ ನೋಟಕ್ಕೆ ಧಾತುವೊಂದೇ ಸಾಕಾಗಿತ್ತು. ನಿಂತು, ಮನಸ್ಸಿಟ್ಟು ನೋಡತಕ್ಕದ್ದು ಎಂಬುದನ್ನು ಆ ಉಪಸರ್ಗವು ನೆನಪಿಗೆ ತರುತ್ತದೆ. ಸ್ವಲ್ಪ ಕಾಲದಲ್ಲಿ ಹೀಗೆ ನೋಡುವುದು ಹೇಗೆಂದರೆ, ಅದಕ್ಕೆ ನಮ್ಮ ಅಡಿಗೆಮನೆಯೇ ಗುರು. ಅನ್ನವು ಬೆಂದಿತೇ ಎಂದು ತಿಳಿಯಲು ಗೃಹಿಣಿಯು ಪಾತ್ರೆಯ ಅಗುಳುಗಳನ್ನೆಲ್ಲ ಹಿಚುಕುವುದಿಲ್ಲ. ಒಂದೆರಡನ್ನು ಹಿಚುಕಿ ನೋಡುತ್ತಾಳೆ. ಶಾಸ್ತ್ರಕಾರರು ಇದನ್ನೇ ಸ್ಥಾಲೀಪುಲಾಕನ್ಯಾಯವೆಂದರು. ಇಪ್ಪತ್ತು ಸ್ಥಳಗಳಿಗೆ ಓಡುವುದಕ್ಕಿಂತ ಮೂರನ್ನು ನೋಡುವುದು ಲೇಸು.

ಇದನ್ನು ಸಮೀಪದ ನಗರದಲ್ಲಿಯೇ ಪರೀಕ್ಷಿಸೋಣ. ನಮ್ಮ ಅಜ್ಜಾವರದವರಿಗೆ ನಗರವೆಂದರೆ ಮಂಗಳೂರು. ಸುಳ್ಯದಲ್ಲಿ ಬಸ್ಸೇರಿದರೆ ಪುತ್ತೂರು, ಬಂಟ್ವಾಳಗಳ ಮಾರ್ಗವಾಗಿ ಎರಡೂವರೆ ಮೂರು ಗಂಟೆಗಳ ಹಾದಿ. ಆಸ್ಪತ್ರೆಗೋ ಕಚೇರಿಗೋ ಮದುವೆಯ ಜವಳಿಗೋ ಪದೇಪದೇ ಹೋಗಿ ಬರುವ ಊರಾದುದರಿಂದಲೇ ಅದು ನೋಡತಕ್ಕ ಊರೆಂದು ನಮಗೆ ತೋಚುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬುದು ಇದನ್ನೇ.

ಮೊದಲನೆಯ ದಿನದ ಬೆಳಿಗ್ಗೆ ಕದ್ರಿಗೆ ಹೋಗತಕ್ಕದ್ದು. ಮಂಜುನಾಥನಿಗೆ ಕೈಮುಗಿದು ಹೊರಟುಬಿಡದೆ, ಅಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಮುಂದೆ ಕಾಲುಗಂಟೆ ನಿಲ್ಲಬೇಕು. ಮೂರು ಮುಖ, ಆರು ಕೈಗಳ ಆ ಮೂರ್ತಿಯನ್ನು ಆಳುಪ ಅರಸನಾದ ಕುಂದವರ್ಮನು ಕ್ರಿ.ಶ. 968ರಲ್ಲಿ ಕದಿರಿಕೆಯೆಂಬ ವಿಹಾರದಲ್ಲಿ ಪ್ರತಿಷ್ಠಿಸಿದನೆಂದು ಪೀಠದ ಸಂಸ್ಕೃತ ಶಾಸನವು ಸಾರುತ್ತದೆ. ‘ವಿಹಾರ’ ಎಂಬ ಒಂದು ಶಬ್ದವು ಆ ಗುಡ್ಡದಲ್ಲಿ ಒಂದು ಕಾಲಕ್ಕೆ ಬೌದ್ಧಧರ್ಮವಿದ್ದುದರ ಕುರುಹಾಗಿ ನಿಂತಿದೆ. ಮತವು ಮಾರ್ಪಟ್ಟರೂ ಮೂರ್ತಿಯನ್ನು ಯಾರೂ ಎಸೆಯಲಿಲ್ಲ, ಪೂಜಿಸಿ ಉಳಿಸಿದರು. ಮಕ್ಕಳಿಗೆ ಹೇಳತಕ್ಕ ಮಾತು ಇದು.

ಸಂಜೆ ಹಳೆಯ ಬಂದರಿಗೆ ಇಳಿಯಬಹುದು. ಅಲ್ಲಿ ಕಣ್ಣಿಗೆ ಕಾಣುವುದು ದೋಣಿ, ಮೀನು, ಗೋದಾಮು. ಆದರೆ ಕೈರೋ ನಗರದ ಕಥೆಯು ಮಂಗಳೂರಿನ ಕಥೆಯನ್ನು ಕೂಡುವುದು ಇಲ್ಲಿಯೇ. ಉತ್ತರ ಆಫ್ರಿಕದ ಮಹದಿಯಾ ಎಂಬ ಪಟ್ಟಣದ ಯೆಹೂದಿ ವರ್ತಕನಾದ ಅಬ್ರಹಾಂ ಬೆನ್ ಯಿಜು ಎಂಬವನು ಸುಮಾರು 1132ರಿಂದ 1149ರ ವರೆಗೆ ಬಹುಕಾಲ ಮಂಗಳೂರಿನಲ್ಲಿ ನೆಲಸಿದ್ದನು. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ನಡೆಯಿಸಿದನು. ಏಡನ್ನಿನ ಮಿತ್ರರು ಕಳುಹಿದ ಒಡಕು ಪಾತ್ರೆಗಳನ್ನು ಕರಗಿಸಿ ಹೊಸದು ಮಾಡಿಸಿ ಹಡಗಿನಲ್ಲಿ ಕಳುಹಿಸುತ್ತಿದ್ದನು. ಅವನು ಕಳುಹಿಸಿದ ಸರಕುಗಳಲ್ಲಿ ಮೆಣಸು, ಕಬ್ಬಿಣಗಳೊಡನೆ ಅಡಕೆಯೂ ಉಂಟು! 1132ರ ಅಕ್ಟೋಬರ 17ರಂದು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಅವನ ಪತ್ರವೂ ದೊರಕಿದೆ. ಇವೆಲ್ಲ ತಿಳಿದುದು ಹೇಗೆ? ದೇವರ ಹೆಸರನ್ನು ಬರೆದ ಕಾಗದವನ್ನು ಹರಿದು ಎಸೆಯಬಾರದೆಂಬ ನಿಯಮದಿಂದ ಯೆಹೂದಿಗಳು ಹಳೆಯ ಬರಹಗಳನ್ನು ಕೈರೋವಿನ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ತುಂಬಿಡುತ್ತಿದ್ದರು. ಆ ಕೋಣೆಯ ಲಕ್ಷಕ್ಕೂ ಮಿಗಿಲಾದ ಚೂರುಗಳಲ್ಲಿ ನಮ್ಮ ಮಂಗಳೂರು ಅಡಗಿತ್ತು. ಬೆನ್ ಯಿಜುವಿನ ಮನೆಯನ್ನು ಇಂದು ಇಲ್ಲಿ ಯಾರೂ ತೋರಿಸಲಾರರು. ಕಟ್ಟಡವಿಲ್ಲದ ಚರಿತ್ರೆಯೂ ಉಂಟೆಂದು ತಿಳಿಯಲು ಬಂದರಕ್ಕಿಂತ ಒಳ್ಳೆಯ ಸ್ಥಳವಿಲ್ಲ.

ಎರಡನೆಯ ದಿನವನ್ನು ಬಾವುಟಗುಡ್ಡೆಗೆ ಮೀಸಲಿಡಬೇಕು. ಇದು ನಮ್ಮ ಸೀಮೆಯವರಿಗೆ ಪ್ರೇಕ್ಷಣೀಯಕ್ಕಿಂತ ಹೆಚ್ಚಿನದು. ಅಮರಸುಳ್ಯ ಸೀಮೆಯು ಮೊದಲು ಕೊಡಗಿನ ಅರಸರ ಅಧೀನದಲ್ಲಿತ್ತು. 1834ರಲ್ಲಿ ಕಂಪೆನಿ ಸರಕಾರವು ಕೊಡಗನ್ನು ನುಂಗಿ, ಈ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ರೊಕ್ಕವಾಗಿಯೇ ಕೊಡಬೇಕೆಂದಾಯಿತು. ಬೆಳೆಯುಳ್ಳ ರೈತನ ಕೈಯಲ್ಲಿ ರೊಕ್ಕವೆಲ್ಲಿ? ಉಬರಡ್ಕದ ಕೆದಂಬಾಡಿ ರಾಮಯ್ಯಗೌಡರು, ಕೊಡಗಿನ ಗುಡ್ಡೆಮನೆ ಅಪ್ಪಯ್ಯಗೌಡರು ಮೊದಲಾದವರು ಪುಟ್ಟಬಸಪ್ಪನನ್ನು ಕಲ್ಯಾಣಸ್ವಾಮಿಯೆಂಬ ಹೆಸರಿನಿಂದ ಮುಂದಿಟ್ಟುಕೊಂಡು ಎದ್ದರು. ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರು ಬಂಟ್ವಾಳಗಳನ್ನು ದಾಟಿ, 1837ರ ಎಪ್ರಿಲ್ 5ರಂದು ಮಂಗಳೂರನ್ನು ಸೇರಿ ಈ ಗುಡ್ಡದ ಮೇಲೆ ತಮ್ಮ ಬಾವುಟೆಯನ್ನು ಹಾರಿಸಿದರು. ಸುಮಾರು ಹದಿಮೂರು ದಿನ ಪಟ್ಟಣವು ಅವರ ಕೈಯಲ್ಲಿತ್ತು. ಬಳಿಕ ಕಂಪೆನಿಯ ಸೈನ್ಯವು ಬಂದಿತು. ಅಪ್ಪಯ್ಯಗೌಡರನ್ನು ಅದೇ ವರ್ಷದ ಅಕ್ಟೋಬರ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಇಷ್ಟಾದರೂ ನಮ್ಮ ಮನೆಗಳಲ್ಲಿ ಇದಕ್ಕೆ ಬಹುಕಾಲ ಇದ್ದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕೊಳ್ಳೆ, ಕೋಲಾಹಲ ಎಂಬ ಭಾವನೆಯನ್ನು ಹುಟ್ಟಿಸುವ ಶಬ್ದ! 1857ಕ್ಕೆ ಇಪ್ಪತ್ತು ವರ್ಷ ಮೊದಲೇ ನೇಗಿಲು ಹಿಡಿದ ಕೈಗಳು ಮಾಡಿದ ಸಾಹಸಕ್ಕೆ ಗೆದ್ದವರು ಕೊಟ್ಟ ಬಣ್ಣವನ್ನು ಸೋತವರ ಮೊಮ್ಮಕ್ಕಳೇ ಬಾಯಲ್ಲಿಟ್ಟುಕೊಂಡರು. 2022ರ ನವೆಂಬರದಲ್ಲಿ ಅದೇ ಗುಡ್ಡದ ಮೇಲೆ ರಾಮಯ್ಯಗೌಡರ ಪ್ರತಿಮೆಯು ಸ್ಥಾಪಿತವಾಯಿತು. ಪ್ರತಿಮೆಯು ನಿಂತಿತು, ಮನೆಯೊಳಗಿನ ಮಾತನ್ನು ತಿದ್ದತಕ್ಕವರು ಮಾತ್ರ ಗೃಹಸ್ಥರು. ಗುಡ್ಡದಿಂದ ಕಡಲು ಬಹಳ ಚೆನ್ನಾಗಿ ಕಾಣುತ್ತದೆ, ಅದನ್ನೂ ನೋಡಲಿ. ಆದರೆ ಬೆನ್ನು ತಿರುಗಿಸಿ ಮೂಡಣ ದಿಕ್ಕನ್ನೂ ಒಮ್ಮೆ ನೋಡಲಿ. ಅವರು ನಡೆದು ಬಂದುದು ಆ ಕಡೆಯಿಂದ. ನಮ್ಮ ಬಸ್ಸು ಬಂದುದೂ ಬಹುಮಟ್ಟಿಗೆ ಅದೇ ಹಾದಿಯಲ್ಲಿ.

ಇನ್ನು ಕ್ರಮವನ್ನು ಹೇಳಿ ಮುಗಿಸುತ್ತೇವೆ. ಹೊರಡುವ ಹಿಂದಿನ ರಾತ್ರಿ ಊಟವಾದ ಮೇಲೆ ಮನೆಯ ಯಜಮಾನನೋ ಯಜಮಾನಿತಿಯೋ ಈ ಕಥೆಗಳನ್ನು ಹೇಳಬೇಕು. ಸ್ಥಳದಲ್ಲಿ ಹೇಳತೊಡಗಿದರೆ ಬಿಸಿಲು, ಗದ್ದಲಗಳಲ್ಲಿ ಮಕ್ಕಳು ಕೇಳರು. ಒಂದೊಂದು ಸ್ಥಳಕ್ಕೆ ಅರ್ಧ ದಿನವಾದರೂ ಇರಲಿ. ಮಧ್ಯಾಹ್ನ ಮುದುಕರಿಗೂ ಶಿಶುಗಳಿಗೂ ವಿಶ್ರಾಂತಿ ಇರಲಿ. ಚಿತ್ರವನ್ನು ತೆಗೆಯುವುದು ನೋಡಿಯಾದ ಮೇಲೆ. ಮುಂದೆ ಕೈರೋವಿಗೆ ಹೋಗುವ ಯೋಗವಿದ್ದವರು ಪಿರಮಿಡ್ಡುಗಳನ್ನು ನೋಡಿ ಬೆನ್ ಎಜ್ರಾ ಮಂದಿರಕ್ಕೂ ಅವಶ್ಯವಾಗಿ ಹೋಗಲಿ; ಅಲ್ಲಿ ಅವರು ಪರದೇಶಿಗಳಾಗಿ ನಿಲ್ಲಬೇಕಾಗಿಲ್ಲ. ಮರಳಿದ ಮೇಲೆ, ಬರಲಾರದೆ ಮನೆಯಲ್ಲಿ ಉಳಿದ ಅಜ್ಜಿಯ ಬಳಿ ಮಕ್ಕಳು ಕುಳಿತು, ಚಿತ್ರಗಳನ್ನು ತೋರಿಸದೆ, ಕಂಡುದನ್ನು ಬಾಯಿಂದಲೇ ಹೇಳಬಲ್ಲರಾದರೆ ಪ್ರವಾಸವು ಸಫಲವಾಯಿತೆಂದು ತಿಳಿಯತಕ್ಕದ್ದು.