ಕೋಳಿ ಫೀಡ್‌ನಲ್ಲಿ ಸೋಯಾ ಕಮ್ಮಿ: ಉಳಿತಾಯ ಕಂಪನಿಗೆ, ಹೊಡೆತ ಶೆಡ್‌ಗೆ

ಹಾವೇರಿ: ಫಾರಂ ಕೋಳಿ ಫೀಡ್‌ನಲ್ಲಿ ಮುಖ್ಯವಾಗಿ ಇರೋದು ಎರಡೇ. ಅರ್ಧಕ್ಕಿಂತ ಹೆಚ್ಚು ಗೋವಿನಜೋಳ, ಕಾಲು ಭಾಗದ ಆಸುಪಾಸು ಸೋಯಾ ಹಿಂಡಿ. ಜೋಳ ಶಕ್ತಿಗೆ, ಹಿಂಡಿ ಪ್ರೊಟೀನ್‌ಗೆ. ಈಗ ಆ ಹಿಂಡಿಯ ಜಾಗಕ್ಕೆ ಎಥೆನಾಲ್ ಕಾರ್ಖಾನೆಗಳ ‘ಡಿಡಿಜಿಎಸ್’ ನುಗ್ಗುತ್ತಿದೆ. ಕಂಪನಿ ಕೋಳಿ ಸಾಕುವವರಿಗೂ, ಸೋಯಾ ಬಿತ್ತುವವರಿಗೂ ಇದರ ಬಿಸಿ ತಟ್ಟುತ್ತದೆ.

ಅಕ್ಕಿ ಅಥವಾ ಗೋವಿನಜೋಳವನ್ನು ಹುಳಿ ಬರಿಸಿ ಎಥೆನಾಲ್ ತೆಗೆದ ಮೇಲೆ ಉಳಿಯುವ ಚರಟವನ್ನು ಒಣಗಿಸಿದರೆ ಡಿಡಿಜಿಎಸ್. ಪಿಷ್ಟವೆಲ್ಲ ಎಥೆನಾಲ್ ಆಗಿ ಹೋಗುತ್ತೆ, ಪ್ರೊಟೀನ್ ಉಳಿಯುತ್ತೆ. ಅಕ್ಕಿಯದ್ದರಲ್ಲಿ ಶೇ 40ರಷ್ಟು, ಜೋಳದ್ದರಲ್ಲಿ ಶೇ 25ರಿಂದ 30ರಷ್ಟು ಪ್ರೊಟೀನ್ ಇರುತ್ತದೆ. ಸೋಯಾ ಹಿಂಡಿಯಲ್ಲಿ ಶೇ 44ರಿಂದ 48. ಪೆಟ್ರೋಲ್‌ಗೆ ಶೇ 20 ಎಥೆನಾಲ್ ಬೆರೆಸಲು ಶುರುವಾದ ಮೇಲೆ ಈ ಮಾಲು ರಾಶಿ ರಾಶಿ ಬರುತ್ತಿದೆ, ದರವೂ ಹಿಂಡಿಗಿಂತ ಕಡಿಮೆ. 2021ರಲ್ಲಿ ಹಿಂಡಿ ದರ ಗಗನಕ್ಕೇರಿ, ಕುಲಾಂತರಿ ಸೋಯಾದ 12 ಲಕ್ಷ ಟನ್ ಹಿಂಡಿ ಆಮದಿಗೆ ಕೇಂದ್ರ ಅನುಮತಿ ಕೊಡಬೇಕಾಗಿ ಬಂದಿತ್ತು. ಅಂಥ ಪೆಟ್ಟು ತಿಂದ ಉದ್ಯಮ ಬೇರೆ ದಾರಿ ಹುಡುಕುವುದು ಸಹಜವೇ.

ತೊಂದರೆ ಇರೋದು ಗುಣಮಟ್ಟದಲ್ಲಿ. ಕೋಳಿ ಮೈ ತುಂಬಲು ಬೇಕಾದ ಲೈಸಿನ್ ಡಿಡಿಜಿಎಸ್‌ನಲ್ಲಿ ಕಡಿಮೆ, ಬೇರೆಯಾಗಿ ಸೇರಿಸಬೇಕು. ಒಣಗಿಸುವಾಗ ಕಾವು ಜಾಸ್ತಿಯಾದರೆ ಇದ್ದದ್ದೂ ಹಾಳು. ಇನ್ನೊಂದು, ಬೂಷ್ಟು ಹಿಡಿದ ಜೋಳ ಕಾರ್ಖಾನೆಗೆ ಹೋದರೆ ಅದರ ಅಫ್ಲಾಟಾಕ್ಸಿನ್ ವಿಷ ಎಥೆನಾಲ್ ಜೊತೆ ಹೋಗಲ್ಲ. ಚರಟದಲ್ಲೇ ಉಳಿದು ಸುಮಾರು ಮೂರು ಪಟ್ಟು ಗಟ್ಟಿಯಾಗುತ್ತೆ. ಕೋಳಿ ತಕ್ಷಣ ಸಾಯಲಿಕ್ಕಿಲ್ಲ. ಲಿವರ್ ಕೆಡುತ್ತೆ, ತೂಕ ಏರಲ್ಲ.

ತೂಕ ಏರದಿದ್ದರೆ ನಷ್ಟ ಯಾರಿಗೆ? ಮರಿ, ಫೀಡ್, ಔಷಧ ಕಂಪನಿಯದು. ಶೆಡ್, ಕರೆಂಟ್, ಹೊಟ್ಟು, ದುಡಿಮೆ ರೈತನದು. ಸಾಕಣೆ ಕೂಲಿ ನಿಂತಿರೋದು ಒಂದು ಕೆ.ಜಿ. ತೂಕಕ್ಕೆ ಎಷ್ಟು ಫೀಡ್ ಖರ್ಚಾಯ್ತು ಅನ್ನುವ ಎಫ್‌ಸಿಆರ್ ಲೆಕ್ಕದ ಮೇಲೆ. 5,000 ಕೋಳಿಯ ಬ್ಯಾಚ್, ತಲಾ 2 ಕೆ.ಜಿ. ಅಂದುಕೊಳ್ಳಿ. ಎಫ್‌ಸಿಆರ್ 1.6ರಿಂದ 1.7ಕ್ಕೆ ಹೋದರೆ ಒಂದು ಟನ್ ಫೀಡ್ ಹೆಚ್ಚುವರಿ, ಅಂದರೆ 50 ಕೆ.ಜಿ.ಯ 20 ಚೀಲ. ಸೂಪರ್‌ವೈಸರ್ ಮೊದಲು ಕೇಳೋದು ನೀರು ಸರಿ ಕೊಟ್ರಾ, ಪರದೆ ಇಳಿಸಿದ್ರಾ ಅಂತ. ಫೀಡ್ ಬದಲಾಯಿತಾ ಅಂತ ರೈತ ಕೇಳಿದರೆ ಉತ್ತರ ಇಲ್ಲ. ಒಪ್ಪಂದದ ಕಾಗದದಲ್ಲಿ ಎಫ್‌ಸಿಆರ್ ಇರುತ್ತೆ, ಚೀಲದಲ್ಲಿ ಯಾವುದು ಎಷ್ಟು ಪಾಲು ಅನ್ನುವುದು ಸಾಮಾನ್ಯವಾಗಿ ಇರಲ್ಲ. ಅಗ್ಗದ ಫೀಡ್‌ನ ಉಳಿತಾಯ ಕಂಪನಿಯ ಪುಸ್ತಕಕ್ಕೆ, ಅದರ ಅಪಾಯ ರೈತನ ಕೂಲಿಗೆ.

ಅತ್ತ ಸೋಯಾ ಹೊಲದ ಕಥೆಯೂ ಇದಕ್ಕೇ ಗಂಟು ಬಿದ್ದಿದೆ. ಒಂದು ಕ್ವಿಂಟಲ್ ಕಾಳು ಅರೆದರೆ ಎಣ್ಣೆ ಸಿಗೋದು 17-18 ಕೆ.ಜಿ., ಹಿಂಡಿ 80 ಕೆ.ಜಿ.ಗೂ ಮೇಲೆ. ಹಿಂಡಿ ಕೇಳುವವರು ಕಡಿಮೆಯಾದರೆ ಮಿಲ್‌ನವರು ಕಾಳಿನ ದರ ಇಳಿಸುತ್ತಾರೆ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 5,328 ರೂಪಾಯಿ. ಸುಗ್ಗಿಯಲ್ಲಿ ಮಾರುಕಟ್ಟೆ ಅದಕ್ಕಿಂತ ಕೆಳಗೇ ಇತ್ತು. ಡಿಡಿಜಿಎಸ್ ಒಂದೇ ಕಾರಣ ಅಲ್ಲ, ಆದರೆ ದೊಡ್ಡ ಕಾರಣ.

ಉಳಿದ ಪರ್ಯಾಯಗಳು ಸದ್ಯಕ್ಕೆ ದೂರದ ಮಾತು. ಕರಾವಳಿಯ ಮೀನುಪುಡಿ ಚೆನ್ನಾಗಿದೆ, ದರ ಕೈಗೆಟುಕಲ್ಲ. ಹುಳು ಸಾಕಿ ಪ್ರೊಟೀನ್ ತೆಗೆಯುವುದಕ್ಕೆ ಯುರೋಪ್ 2021ರಲ್ಲೇ ಕೋಳಿ ಫೀಡ್‌ಗೆ ಒಪ್ಪಿಗೆ ಕೊಟ್ಟಿದೆ, ಇಲ್ಲಿ ಟನ್‌ಗಟ್ಟಲೆ ಸಿಗುವ ಮಾಲಲ್ಲ. ಶೇಂಗಾ ಹಿಂಡಿಗೂ ಅದೇ ಅಫ್ಲಾಟಾಕ್ಸಿನ್ ಕಾಟ.

ಫೀಡ್ ಅಗ್ಗವಾದರೆ ಚಿಕನ್ ಅಂಗಡಿಯಲ್ಲಿ ದರ ಇಳಿಯುತ್ತಾ? ಇಳಿಯಲ್ಲ ಅಂತಲೇ ಇಟ್ಟುಕೊಳ್ಳಬಹುದು. ಆ ದರ ದಿನದ ಕೋಳಿ ಪೂರೈಕೆ, ಶ್ರಾವಣ, ಹಬ್ಬ ನೋಡಿ ನಿಲ್ಲುತ್ತೆ.

ಸಾಕುವವರ ಕೈಯಲ್ಲಿ ಇರೋದು ಒಂದು ಕೆಲಸ. ಪ್ರತಿ ಲೋಡ್ ಇಳಿದಾಗ ಎರಡು-ಮೂರು ಚೀಲದಿಂದ ಒಟ್ಟು ಒಂದು ಕೆ.ಜಿ. ಫೀಡ್ ತೆಗೆದು, ಬ್ಯಾಚ್ ನಂಬರ್, ತಾರೀಖು ಬರೆದು, ಒಣ ಜಾಗದಲ್ಲಿ ಕಟ್ಟಿಡುವುದು. ಸಾಧ್ಯವಾದರೆ ಸೂಪರ್‌ವೈಸರ್ ಸಹಿ ಸಮೇತ. ಲೆಕ್ಕ ಮುಗಿಸುವ ದಿನ ಜಗಳ ಬಂದರೆ ಲ್ಯಾಬ್‌ಗೆ ಕಳಿಸಲು ಏನಾದರೂ ಇರುತ್ತೆ.