ನಮ್ಮ ಕೇಸ್ ಶೀಟು ನಮಗೊಬ್ಬರಿಗೇ ಸಿಗುವುದಿಲ್ಲ

ಪಶ್ಚಿಮ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಎಂಆರ್‌ಡಿಯಲ್ಲಿ, ಅಂದರೆ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ, ನಿವೃತ್ತಿಯಾಗುವವರೆಗೆ ಕೆಲಸ ಮಾಡಿದವಳು ನಾನು. ಈ ವಿಭಾಗಕ್ಕೆ ಸಾಮಾನ್ಯವಾಗಿ ನೆಲಮಾಳಿಗೆಯೇ ಗತಿ. ಒಂದು ಕಡೆ ಜನರೇಟರ್, ಇನ್ನೊಂದು ಕಡೆ ಲಾಂಡ್ರಿ. ಡಾಕ್ಟರುಗಳು ಅಲ್ಲಿಗೆ ಇಳಿದು ಬರುವುದು ಡಿಸ್ಚಾರ್ಜ್ ಸಮ್ಮರಿಗೆ ಸಹಿ ಬಾಕಿ ಇದ್ದಾಗ ಮಾತ್ರ. ಬೇರೆಯವರು ಮಾತ್ರ ದಿನವೂ ಬರುತ್ತಿದ್ದರು. ವಿಮೆ ಕಂಪನಿ ಕಳಿಸಿದ ಇನ್ವೆಸ್ಟಿಗೇಟರ್, ಠಾಣೆಯ ಹೆಡ್ ಕಾನ್‌ಸ್ಟೆಬಲ್, ಅಪಘಾತದ ಕ್ಲೇಮು ಹಿಡಿದ ವಕೀಲರ ಗುಮಾಸ್ತ. ಒಮ್ಮೊಮ್ಮೆ ಮದುವೆ ಮಾತುಕತೆಯಲ್ಲಿದ್ದ ಹೆಣ್ಣಿನ ಕಡೆಯವರು, ಹುಡುಗನಿಗೆ ಫಿಟ್ಸ್ ಗಿಟ್ಸ್ ಏನಾದರೂ ಇದೆಯಾ ಎಂದು ವಿಚಾರಿಸಲು. ‘ಒಂದೇ ನಿಮಿಷ ಮೇಡಂ, ಫೋಟೋ ಹೊಡ್ಕೊಂಡು ಕೊಟ್ಬಿಡ್ತೀನಿ’ ಎಂಬುದು ಎಲ್ಲರ ಪಲ್ಲವಿ. ನಾನು ಪತ್ರ ಕೇಳುತ್ತಿದ್ದೆ. ಪತ್ರ ಇಲ್ಲದವರು ಮೇಲಿನ ಮಹಡಿಗೆ ಹೋಗಿ ಯಾರಿಂದಲೋ ಫೋನ್ ಮಾಡಿಸುತ್ತಿದ್ದರು.

ಹೇಗೋ ಅವರಿಗೆಲ್ಲ ಫೈಲ್ ಸಿಗುತ್ತಿತ್ತು. ಬರಿಗೈಯಲ್ಲಿ ವಾಪಸು ಹೋಗುತ್ತಿದ್ದವರು ಒಬ್ಬರೇ: ಆ ಫೈಲಿನ ಮೇಲೆ ಯಾರ ಹೆಸರಿತ್ತೋ ಅವರು.

ರೋಗಿಯ ಮಾಹಿತಿಯ ಸುರಕ್ಷತೆ ಎಂದ ಕೂಡಲೇ ಎಲ್ಲರೂ ಹ್ಯಾಕರ್‌ಗಳ ಮಾತಾಡುತ್ತಾರೆ. ಆ ಭಯ ಸುಳ್ಳಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಸೈಬರ್ ದಾಳಿಗೆ ಸಿಕ್ಕಿ, ದಿನಗಟ್ಟಲೆ ಪೆನ್ನು ಕಾಗದದಲ್ಲೇ ಚೀಟಿ ಬರೆಯಬೇಕಾಯಿತು. 2024ರಲ್ಲಿ ಸ್ಟಾರ್ ಹೆಲ್ತ್ ವಿಮೆ ಗ್ರಾಹಕರ ದಾಖಲೆಗಳು, ವೈದ್ಯಕೀಯ ವರದಿಗಳ ಸಮೇತ, ಟೆಲಿಗ್ರಾಮ್‌ನಲ್ಲಿ ಸಿಗುವಂತಾಗಿದ್ದವು. ಆದರೆ ನನ್ನ ಅನುಭವದಲ್ಲಿ ಮಾಹಿತಿ ಕಳುವಾಗುವುದು ಕಡಿಮೆ, ಉದಾರವಾಗಿ ಹಂಚಿಹೋಗುವುದೇ ಹೆಚ್ಚು. ಆ ಉದಾರತನ ರೋಗಿಯ ಎದುರಿಗೆ ಬಂದಾಗ ಮಾತ್ರ ಮಾಯವಾಗುತ್ತದೆ. ಆಗ ಆಸ್ಪತ್ರೆಗೆ ಕಾನೂನು, ಗೋಪ್ಯತೆ, ಲೀಗಲ್ ಡಿಪಾರ್ಟ್‌ಮೆಂಟು ಎಲ್ಲವೂ ನೆನಪಾಗುತ್ತವೆ.

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲಿ ಗೊಂದಲವೇ ಇಲ್ಲ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿಯೋ ಅವರ ಪರವಾಗಿ ಅಧಿಕೃತವಾಗಿ ಬಂದವರೋ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು. ಕೌಂಟರಿನಲ್ಲಿ ಕೇಳಿಬರುವ ಮಾತೇ ಬೇರೆ. ‘ಸೂಪರಿಂಟೆಂಡೆಂಟ್‌ಗೆ ಅರ್ಜಿ ಬರೀರಿ. ಅವರು ರಜಾ. ಬುಧವಾರ ಬನ್ನಿ. ಪುಟಕ್ಕೆ ಇಷ್ಟು ಆಗತ್ತೆ. ಯಾಕೆ ಬೇಕು ನಿಮಗೆ?’ ಈ ಕೊನೆಯ ಪ್ರಶ್ನೆಯನ್ನು ಇನ್ವೆಸ್ಟಿಗೇಟರ್‌ಗೆ ಯಾರೂ ಕೇಳಿದ್ದು ನಾನು ಕಂಡಿಲ್ಲ.

ಕೆಂಗೇರಿ ಉಪನಗರದ ಒಬ್ಬ ಹಿರಿಯರು ಹೆಂಡತಿಯ ಕೇಸ್ ಶೀಟಿಗಾಗಿ ನಮ್ಮಲ್ಲಿಗೆ ಬಸ್ಸು ಬದಲಿಸಿ ಬದಲಿಸಿ ಬರುತ್ತಿದ್ದರು. ಅವರಿಗೆ ಬೇಕಾಗಿದ್ದು ಆಪರೇಷನ್ ನೋಟ್ಸ್. ಬೇರೆ ಡಾಕ್ಟರ ಹತ್ತಿರ ಎರಡನೇ ಅಭಿಪ್ರಾಯ ಕೇಳುವ ಆಸೆ. ಮೇಲಿನವರಿಗೆ ಕೇಳಿಸಿದ್ದು ‘ಕೇಸ್ ಹಾಕ್ತಾರೆ’ ಎಂದು. ಈ ಭಯಕ್ಕೂ ಒಂದು ಚರಿತ್ರೆಯಿದೆ. 1995ರಲ್ಲಿ ಸುಪ್ರೀಂ ಕೋರ್ಟು, ಹಣ ಪಡೆದು ಕೊಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಶಾಂತಾ ಪ್ರಕರಣದಲ್ಲಿ ಹೇಳಿದ ಮೇಲೆ, ಕೇಸ್ ಶೀಟು ಚಿಕಿತ್ಸೆಯ ಕಾಗದವಾಗಿ ಉಳಿಯಲಿಲ್ಲ, ಸಾಕ್ಷಿಯ ಕಾಗದವಾಯಿತು. ಅಲ್ಲಿಂದಾಚೆ ಅದನ್ನು ಕಾಯುವುದೆಂದರೆ ಆಸ್ಪತ್ರೆಯನ್ನು ಕಾಯುವುದು ಎಂದಾಗಿಬಿಟ್ಟಿದೆ. ರೋಗಿಯನ್ನು ಕಾಯುವುದು ಆಮೇಲಿನ ಮಾತು.

ಇನ್ನು ಹಂಚಿಕೆಯ ಕಡೆ ಬನ್ನಿ. ವಿಜಯನಗರದಲ್ಲಿ ಮಾರುತಿ ಮಂದಿರದಿಂದ ಅತ್ತಿಗುಪ್ಪೆಯ ಕಡೆ ನಡೆದುಹೋದರೆ ಕಾಣುವ ಲ್ಯಾಬುಗಳಲ್ಲಿ ಯಾವುದಕ್ಕಾದರೂ ಹೋಗಿ ರಕ್ತ ಕೊಡಿ. ಹೆಸರು ಬರೆದುಕೊಂಡ ಮೇಲೆ ಕೇಳುವುದು ವಾಟ್ಸಾಪ್ ನಂಬರ್. ಸ್ಮಾರ್ಟ್ ಫೋನ್ ಇಲ್ಲದ ಅಜ್ಜಿ ಅಳಿಯನ ನಂಬರ್ ಕೊಡುತ್ತಾರೆ. ಕಾಲೇಜು ಹುಡುಗಿಯ ರಿಪೋರ್ಟು ಅಪ್ಪನ ಫೋನಿಗೆ ಹೋಗುತ್ತದೆ. ಅದು ಥೈರಾಯ್ಡ್ ಆದರೆ ಸರಿ, ಬೇರೆಯದಾದರೆ? ಪ್ರಿಂಟ್ ಬೇಕಾದವರು ಆ ಪಿಡಿಎಫ್ ಅನ್ನು ಪಕ್ಕದ ಜೆರಾಕ್ಸ್ ಅಂಗಡಿಯ ನಂಬರಿಗೆ ಕಳಿಸುತ್ತಾರೆ. ಆ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ತೆರೆದರೆ ಬಡಾವಣೆಯ ಅರ್ಧ ಜನರ ಶುಗರ್, ಕ್ರಿಯಾಟಿನಿನ್, ಬಯಾಪ್ಸಿ ಸಾಲಾಗಿ ಕೂತಿರುತ್ತವೆ, ಆಧಾರ್ ಪ್ರತಿಗಳ ಮಧ್ಯೆ. ಆಸ್ಪತ್ರೆಯ ಒಪಿಡಿಯಲ್ಲಿ ಸಿಸ್ಟರು ಬಾಗಿಲಿಗೆ ಬಂದು ‘ಪೈಲ್ಸ್ ಯಾರ್ರೀ, ಒಳಗೆ ಬನ್ನಿ’ ಎಂದು ಕೂಗುವುದನ್ನು ನಾವೆಲ್ಲ ಕೇಳಿದ್ದೇವೆ. ಆಗ ಎದ್ದು ನಿಲ್ಲುವುದಕ್ಕೆ ಬೇಕಾಗುವ ಧೈರ್ಯ ಸಣ್ಣದಲ್ಲ.

ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಂಗಸರ ರಜೆ ಚೀಟಿಯದು ಇನ್ನೂ ಕೆಟ್ಟ ಕಥೆ. ‘ಹದಿನೈದು ದಿನ ವಿಶ್ರಾಂತಿ ಬೇಕು’ ಎಂದಷ್ಟೇ ಬರೆದರೆ ಸಾಕಾಗುವ ಕಡೆ ಡಾಕ್ಟರು ಕಾಯಿಲೆಯ ಹೆಸರನ್ನೂ ಬರೆದುಕೊಡುತ್ತಾರೆ. ಅದನ್ನು ಮೊದಲು ಓದುವವನು ಲೈನ್ ಸೂಪರ್‌ವೈಸರ್. ಗರ್ಭಕೋಶ ತೆಗೆದ ಸುದ್ದಿ ಊಟದ ಹೊತ್ತಿಗೆ ಇಡೀ ಫ್ಲೋರಿಗೆ ಗೊತ್ತು. ಇದಕ್ಕೆ ಯಾವ ಹ್ಯಾಕರ್ ಬೇಕು?

ಎಚ್‌ಐವಿ ವಿಷಯದಲ್ಲಿ ಮಾತ್ರ ಕಾನೂನು ಬಿಗಿಯಾಗಿದೆ. 2017ರ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಕೆಲವು ಅಪವಾದಗಳನ್ನು ಬಿಟ್ಟರೆ, ಒಪ್ಪಿಗೆಯಿಲ್ಲದೆ ಯಾರ ಸ್ಥಿತಿಯನ್ನೂ ಬಹಿರಂಗ ಮಾಡುವಂತಿಲ್ಲ. ಅದಕ್ಕೂ ಮುಂಚೆ ಫೈಲಿನ ಹೊದಿಕೆಯ ಮೇಲೆ ಕೆಂಪು ಶಾಯಿಯ ಗುರುತು ಹಾಕುವ ಪದ್ಧತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಿಬ್ಬಂದಿಯ ಎಚ್ಚರಿಕೆಗಾಗಿ ಎನ್ನುತ್ತಿದ್ದರು. ಆ ಗುರುತಿನ ಅರ್ಥ ವಾರ್ಡ್ ಬಾಯ್‌ಗೂ ಗೊತ್ತಿತ್ತು, ಕ್ಯಾಂಟೀನಿನಿಂದ ಕಾಫಿ ತರುವ ಹುಡುಗನಿಗೂ ಗೊತ್ತಿತ್ತು.

ಸರ್ಕಾರ ಈ ವಿಷಯದಲ್ಲಿ ಖಾಸಗಿಯವರಿಗಿಂತ ಮೇಲು ಎಂದು ಹೇಳುವಂತಿಲ್ಲ. 2020ರ ಮಾರ್ಚ್ ನೆನಪಿಸಿಕೊಳ್ಳಿ. ವಿದೇಶದಿಂದ ಬಂದು ಮನೆಯಲ್ಲಿ ಕ್ವಾರಂಟೈನ್ ಆಗಿದ್ದ ಸಾವಿರಾರು ಜನರ ವಿಳಾಸದ ಪಟ್ಟಿಯನ್ನು ನಮ್ಮ ಆರೋಗ್ಯ ಇಲಾಖೆಯೇ ಪ್ರಕಟಿಸಿತು. ಬಸವೇಶ್ವರನಗರದ ನಮ್ಮ ರಸ್ತೆಯ ವಾಟ್ಸಾಪ್ ಗುಂಪಿಗೆ ಆ ಪಿಡಿಎಫ್ ಬಂದಾಗ ಜನ ಮೊದಲು ಮಾಡಿದ ಕೆಲಸ ತಮ್ಮ ಕ್ರಾಸನ್ನು ಹುಡುಕುವುದು. ಅಮೆರಿಕದಿಂದ ಮಗ ಬಂದಿದ್ದ ಮನೆಗೆ ಹಾಲಿನವನು ಬರುವುದು ನಿಂತಿತು. ಸೋಂಕು ಇರುವುದು ಖಚಿತವೂ ಆಗಿರದ ಮನೆ ಅದು. ಕ್ವಾರಂಟೈನ್ ವಾಚ್ ಎಂಬ ಆ್ಯಪಿನಲ್ಲಿ ಗಂಟೆಗೊಂದು ಸೆಲ್ಫಿ ಕಳಿಸಬೇಕು ಎಂಬ ಆಜ್ಞೆ ಅದರ ಬೆನ್ನಿಗೇ ಬಂತು. ಮರುವರ್ಷ ಬಿಬಿಎಂಪಿಯ ಕೋವಿಡ್ ಪರೀಕ್ಷೆಯ ಪೋರ್ಟಲ್‌ನಲ್ಲಿ ಯಾರದೋ ಫೋನ್ ನಂಬರ್ ಹಾಕಿದರೆ ಅವರ ಹೆಸರು, ವಯಸ್ಸು, ಫಲಿತಾಂಶ ಎಲ್ಲ ಕಾಣುತ್ತಿದೆ ಎಂದು ಫ್ರೀ ಸಾಫ್ಟ್‌ವೇರ್ ಚಳವಳಿಯವರು ಎತ್ತಿ ತೋರಿಸಿದರು.

ಅದೇ ಕಾಲದ ಇನ್ನೊಂದು ಸಂಗತಿ ರಾಜಾಜಿನಗರದ್ದು. 2020ರ ಜುಲೈನಲ್ಲಿ ಕೋವಿಡ್‌ನಿಂದ ತೀರಿಕೊಂಡ ಇಬ್ಬರ ಶವಗಳು ಇಎಸ್‌ಐ ಆಸ್ಪತ್ರೆಯ ಹಳೆಯ ಶವಾಗಾರದಲ್ಲಿ 2021ರ ನವೆಂಬರಿನಲ್ಲಿ ಪತ್ತೆಯಾದವು. ವರ್ಷಕ್ಕೂ ಮೇಲ್ಪಟ್ಟು ಅಲ್ಲೇ ಇದ್ದವು. ಬದುಕಿದ್ದವರ ಮನೆ ವಿಳಾಸ ಊರಿನ ಫೋನುಗಳಿಗೆಲ್ಲ ತಲುಪಿದ ಅದೇ ನಗರದಲ್ಲಿ, ಸತ್ತವರ ಮಾಹಿತಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಲಿಲ್ಲ. ರೆಕಾರ್ಡ್ಸ್ ವಿಭಾಗದವಳಾಗಿ ಆ ಸುದ್ದಿ ಓದಿದಾಗ ನನಗೆ ಮೊದಲು ಹೊಳೆದದ್ದು, ಎಲ್ಲೋ ಒಂದು ರಿಜಿಸ್ಟರಿನಲ್ಲಿ ಒಂದು ಕಾಲಂ ಖಾಲಿ ಇತ್ತು ಮತ್ತು ಅದನ್ನು ಯಾರೂ ನೋಡಲಿಲ್ಲ ಎಂದು.

ಮಾಹಿತಿ ಹಂಚಲೇಬಾರದು ಎಂದು ವಾದಿಸುವವಳು ನಾನಲ್ಲ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಡೆಯುವುದೇ ಹಂಚಿಕೆಯ ಮೇಲೆ. ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿ ಜಯದೇವದಂಥ ಕೇಂದ್ರಕ್ಕೆ ನಿಮಿಷಗಳಲ್ಲಿ ಹೋಗುತ್ತದೆ, ಅಲ್ಲಿಯ ತಜ್ಞರು ನೋಡಿ ಹೇಳಿದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಇಲ್ಲೇ ಕೊಡುತ್ತಾರೆ. ಆ ಹೊತ್ತಿನಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹುಡುಕುವವನು ಮೂರ್ಖ. ಕ್ಷಯದ ವಿಷಯವೂ ಹೀಗೆಯೇ. 2012ರಿಂದ ಪ್ರತಿ ರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸುವುದು ಖಾಸಗಿಯವರಿಗೂ ಕಡ್ಡಾಯ. ತಿಳಿಸಿದ್ದರಿಂದಲೇ ಮಾತ್ರೆಯೂ ಪೋಷಣೆಯ ಹಣವೂ ಮನೆಗೆ ಬರುತ್ತವೆ. ತೊಂದರೆ ಶುರುವಾಗುವುದು ಕಾರ್ಯಕರ್ತೆ ಮನೆ ಸಿಗದೆ ವಠಾರದ ಬಾಗಿಲಲ್ಲಿ ನಿಂತು ‘ಟಿಬಿ ಪೇಷೆಂಟ್ ಮನೆ ಯಾವುದಮ್ಮ?’ ಎಂದಾಗ. ಮಾಹಿತಿ ಹೋಗಬೇಕಾದ ಕಡೆಗೇ ಹೋಯಿತು. ದಾರಿಯಲ್ಲಿ ಚೆಲ್ಲಿತು, ಅಷ್ಟೆ.

ನಮ್ಮ ಎಂಆರ್‌ಡಿಯಲ್ಲಿ ಇದಕ್ಕೊಂದು ಹಳೆಯ ಉಪಾಯವಿತ್ತು, ಟ್ರೇಸರ್ ಕಾರ್ಡ್ ಎಂದು. ರ‍್ಯಾಕಿನಿಂದ ಒಂದು ಫೈಲ್ ತೆಗೆದರೆ ಆ ಜಾಗದಲ್ಲಿ ಒಂದು ಗಟ್ಟಿ ರಟ್ಟನ್ನು ಸಿಕ್ಕಿಸಬೇಕು. ಅದರಲ್ಲಿ ಒಳರೋಗಿಯ ಐಪಿ ನಂಬರ್, ಯಾರು ಒಯ್ದರು, ಯಾವ ಕೆಲಸಕ್ಕೆ, ಯಾವ ದಿನ, ವಾಪಸು ಬಂದದ್ದು ಯಾವಾಗ. ಸಂಜೆ ಬೀಗ ಹಾಕುವ ಮುಂಚೆ ರಟ್ಟುಗಳನ್ನು ಎಣಿಸುತ್ತಿದ್ದೆವು. ಹೊಸದಾಗಿ ಬಂದ ಸರ್ಜನ್‌ಗಳಿಗೆ ಇದು ಗುಮಾಸ್ತಿಕೆಯ ಕಿರಿಕಿರಿ. ಆದರೆ ‘ನನ್ನ ಫೈಲ್ ಯಾರು ನೋಡಿದರು?’ ಎಂದು ಯಾವ ರೋಗಿ ಕೇಳಿದರೂ ರಟ್ಟು ಉತ್ತರ ಹೇಳುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ, ಒಳ್ಳೆಯ ತಂತ್ರಾಂಶವಾದರೆ, ಯಾರು ಯಾವಾಗ ತೆರೆದರೆಂಬ ಲಾಗ್ ಅದರೊಳಗೇ ಉಳಿಯುತ್ತದೆ. ಪರದೆಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದಾಗ ಮಾತ್ರ ಯಾವ ರಟ್ಟೂ ಇಲ್ಲ. ಡ್ಯೂಟಿ ಡಾಕ್ಟರುಗಳ ಗುಂಪಿನಲ್ಲಿದ್ದವರು ಕೆಲಸ ಬಿಟ್ಟು ಬೇರೆ ಆಸ್ಪತ್ರೆ ಸೇರಿದರೂ ನಮ್ಮ ಸ್ಕ್ಯಾನುಗಳು ಅವರ ಫೋನಿನಲ್ಲಿ ಓಡಾಡಿಕೊಂಡಿರುತ್ತವೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಓದುವಾಗ ನನ್ನ ಗಮನ ನಿಂತದ್ದು ಈ ಕಾರಣಕ್ಕೇ ಅದರ 11ನೇ ಸೆಕ್ಷನ್ ಮೇಲೆ. ಪತ್ರಿಕೆಗಳು 250 ಕೋಟಿ ರೂಪಾಯಿವರೆಗಿನ ದಂಡವನ್ನು ತಲೆಬರಹ ಮಾಡಿದವು. 11ನೇ ಸೆಕ್ಷನ್ ಯಾರ ಕಣ್ಣಿಗೂ ಬೀಳಲಿಲ್ಲ. ನಿಮ್ಮ ಯಾವ ಮಾಹಿತಿ ಸಂಸ್ಥೆಯ ಬಳಿ ಇದೆ, ಅದನ್ನು ಬೇರೆ ಯಾವ ಯಾವ ಸಂಸ್ಥೆಗೆ ಕೊಟ್ಟಿದ್ದಾರೆ ಎಂದು ಹೆಸರಿನ ಸಮೇತ ಕೇಳುವ ಹಕ್ಕನ್ನು ಅದು ಕೊಡುತ್ತದೆ. ನಮ್ಮ ರಟ್ಟೇ ಅದು, ಪಾರ್ಲಿಮೆಂಟಿನ ಭಾಷೆಯಲ್ಲಿ. ಆದರೆ ಅವಸರ ಬೇಡ. ನಿಯಮಗಳು ಹೊರಬಂದದ್ದೇ 2025ರ ನವೆಂಬರಿನಲ್ಲಿ, ಮುಖ್ಯ ಹೊಣೆಗಳಿಗೆ ಮತ್ತೆ 18 ತಿಂಗಳ ಗಡುವು. ಇನ್ನೊಂದು ಕೊರತೆಯೂ ಉಂಟು. 2011ರ ಐಟಿ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿ ಎಂದು ಬೇರೆ ಎತ್ತಿಟ್ಟಿದ್ದವು. ಹೊಸ ಕಾಯ್ದೆಯಲ್ಲಿ ಆ ವಿಂಗಡಣೆಯೇ ಇಲ್ಲ. ನೀವು ತರಿಸಿಕೊಂಡ ದೋಸೆಯ ಬಿಲ್ಲೂ ನಿಮ್ಮ ಮನೋರೋಗದ ಚೀಟಿಯೂ ಅದರ ಕಣ್ಣಿಗೆ ಒಂದೇ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಆಗಸ್ಟ್ 24ರ ತೀರ್ಪನ್ನು ತಂದುಕೊಟ್ಟವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಂಬತ್ತು ನ್ಯಾಯಮೂರ್ತಿಗಳ ಆ ತೀರ್ಪಿನಿಂದ ಇಷ್ಟೇ ಇಳಿದು ಬಂದದ್ದು ನನಗೆ ಸಾಕೆನಿಸುವುದಿಲ್ಲ.

ಒಪ್ಪಿಗೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ರಾತ್ರಿ ಎರಡು ಗಂಟೆಗೆ ಅಪ್ಪನನ್ನು ಸ್ಟ್ರೆಚರ್ ಮೇಲೆ ಬಿಟ್ಟು ಅಡ್ಮಿಷನ್ ಕೌಂಟರಿಗೆ ಓಡಿಬಂದ ಮಗ, ಇಂಗ್ಲಿಷಿನ ಆರು ಪುಟದ ಫಾರಮ್ಮಿನಲ್ಲಿ ಪೆನ್ಸಿಲ್ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡುತ್ತಾನೆ. ಚಿಕಿತ್ಸೆಗೆ, ವಿಮೆಗೆ, ಸಂಶೋಧನೆಗೆ, ಆಸ್ಪತ್ರೆಯ ಪ್ರಚಾರದ ಎಸ್‌ಎಂಎಸ್‌ಗೆ, ಎಲ್ಲಕ್ಕೂ ಒಂದೇ ಸಹಿ. ನಾನು ಫೈಲ್ ಜೋಡಿಸುವಾಗ ಆ ಸಹಿಗಳನ್ನು ನೋಡುತ್ತಿದ್ದೆ. ಅಕ್ಷರಗಳೇ ಹೇಳುತ್ತಿದ್ದವು ಓದಿಲ್ಲ ಎಂದು. ಕೋವಿಡ್ ಲಸಿಕೆಯ ಪ್ರಮಾಣಪತ್ರ ಮನೆಯಲ್ಲಿದ್ದರೆ ತೆಗೆದು ನೋಡಿ. ಆಧಾರ್ ಕೊಟ್ಟು ಲಸಿಕೆ ಹಾಕಿಸಿಕೊಂಡ ಅನೇಕರ ಪ್ರಮಾಣಪತ್ರದಲ್ಲಿ ಯುಎಚ್‌ಐಡಿ ಎಂಬ ಆರೋಗ್ಯ ಗುರುತಿನ ಸಂಖ್ಯೆಯೊಂದು ಮುದ್ರಿತವಾಗಿದೆ. ಅದನ್ನು ಕೇಳಿ ಪಡೆದವರು ಯಾರಾದರೂ ಸಿಕ್ಕರೆ ನನಗೆ ತಿಳಿಸಿ.

ದೊಡ್ಡ ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನಮ್ಮ ಕೈಯಲ್ಲೇ ಇದೆ. ರಾಜ್ಯದ ಪ್ರತಿ ಖಾಸಗಿ ಕ್ಲಿನಿಕ್, ಲ್ಯಾಬ್, ನರ್ಸಿಂಗ್ ಹೋಂ ಅದರಡಿ ನೋಂದಾಯಿಸಿಕೊಳ್ಳಬೇಕು, 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2017ರಲ್ಲಿ ಡಾಕ್ಟರುಗಳು ಮುಷ್ಕರ ಹೂಡಿದ ಆ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಪಟ್ಟಿಯೂ ಸೇರಿದೆ. ನವೀಕರಣದ ತನಿಖೆಗೆ ಬರುವವರು ಬೆಂಕಿ ಆರಿಸುವ ಸಿಲಿಂಡರಿನ ದಿನಾಂಕ ನೋಡುತ್ತಾರೆ, ಹಳದಿ ಚೀಲ ಕೆಂಪು ಚೀಲದಲ್ಲಿ ಕಸ ಬೇರೆ ಮಾಡಿದ್ದಾರೆಯೇ ನೋಡುತ್ತಾರೆ. ಅವರು ಇನ್ನೆರಡು ರಿಜಿಸ್ಟರ್ ಕೇಳಲಿ. ಒಂದು, ಕಳೆದ ವರ್ಷ ತಮ್ಮದೇ ದಾಖಲೆ ಕೇಳಿ ಬಂದ ರೋಗಿಗಳ ಪಟ್ಟಿ, ಎಷ್ಟು ಗಂಟೆಯಲ್ಲಿ ಕೊಟ್ಟಿರಿ ಎಂಬ ಕಾಲಂ ಸಮೇತ. ಇನ್ನೊಂದು, ಅದೇ ವರ್ಷ ರೋಗಿಯಲ್ಲದವರಿಗೆ ಹೋದ ದಾಖಲೆಗಳ ಪಟ್ಟಿ, ಯಾವ ಪತ್ರದ ಮೇಲೆ ಹೋಯಿತು ಎಂಬ ಕಾಲಂ ಸಮೇತ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಆಮೇಲೆ ಸಹಿ ಹಾಕಲಿ.